ಒತ್ತಡ: ಒತ್ತಿದ್ದು ಯಾರು, ಒತ್ತಿಸಿಕೊಂಡಿದ್ದು ಯಾರು?

ಹೋದ ತಿಂಗಳು ಒಂದು ದಿನ ಬೆಳಗ್ಗೆ ಆರೂವರೆಗೇ ದೊಡ್ಡಪ್ಪನ ಫೋನ್. ದನಿ ತೀರಾ ಸಣ್ಣಗಿತ್ತು. "ಒತ್ತಡ ಮೂವತ್ತೆಂಟಕ್ಕೆ ಇಳಿದುಬಿಟ್ಟಿದೆ ಕಣೋ. ನಿಮ್ಮ ದೊಡ್ಡಮ್ಮ ಮಜ್ಜಿಗೆಗೆ ಉಪ್ಪು ಹಾಕಿ ಎರಡು ಲೋಟ ಕುಡಿಸಿದ್ದಾಳೆ" ಅಂದರು. ಮಗ ಕೊಡಿಸಿದ ಸ್ಮಾರ್ಟ್‌ವಾಚ್ ನೋಡಿಕೊಂಡು ಹೇಳುತ್ತಿದ್ದರು. ಅದರ ಆ್ಯಪ್ ಕನ್ನಡದಲ್ಲಿತ್ತು. ಪರದೆಯ ಮೇಲೆ "ಒತ್ತಡ: 38" ಎಂದು ಬಂದಿತ್ತು.

ಅದು ಬಿಪಿ ಅಲ್ಲ, ಸ್ಟ್ರೆಸ್. ನೂರಕ್ಕೆ ಮೂವತ್ತೆಂಟು. ಅಂದರೆ ದೊಡ್ಡಪ್ಪ ಆರಾಮಾಗಿದ್ದಾರೆ ಅಂತ ವಾಚಿನ ಅಭಿಪ್ರಾಯ. ದಿನಾ ಬಿಪಿ ಮಾತ್ರೆ ನುಂಗುವ ಮನುಷ್ಯ, ಉಪ್ಪು ಮಜ್ಜಿಗೆ ಕುಡಿದು ಗಾಬರಿಯಲ್ಲಿ ಕೂತಿದ್ದರು.

ಅವರದೇನೂ ತಪ್ಪಿಲ್ಲ. ಆಸ್ಪತ್ರೆಯ ಗೋಡೆಯ ಮೇಲೆ ರಕ್ತದೊತ್ತಡ ಎಂದು ಬರೆದಿರುತ್ತಾರೆ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ದ್ರವದ ಒತ್ತಡ. ಪತ್ರಿಕೆಯ ಪುರವಣಿಯಲ್ಲಿ ಮಾನಸಿಕ ಒತ್ತಡ. ಮಂತ್ರಿಗಳು ಒತ್ತಡಕ್ಕೆ ಮಣಿಯುತ್ತಾರೆ. ಮದುವೆಗೆ ಬಾರದವರು ಮಾತ್ರ "ಕೆಲಸದ ಒತ್ತಡ" ಅನ್ನುತ್ತಾರೆ, ಅಲ್ಲಿ ಅದಕ್ಕೆ ಪುರುಸೊತ್ತಿಲ್ಲ ಎಂದಷ್ಟೇ ಅರ್ಥ. ಒಂದೇ ಪದ ಇಷ್ಟು ಮನೆಯ ಚಾಕರಿ ಮಾಡಿದರೆ ಎಲ್ಲೋ ಒಂದು ಕಡೆ ಎಡವಲೇಬೇಕು. ಹಳೆಯ ವಿಜ್ಞಾನ ಬರಹಗಳಲ್ಲಿ ಭೌತಶಾಸ್ತ್ರದ ಒತ್ತಡಕ್ಕೆ ಸಂಮರ್ದ ಎಂಬ ಪದವಿತ್ತು. ಯಾರ ಬಾಯಿಗೂ ಅದು ಹಿಡಿಸಲಿಲ್ಲ. ಹವಾಮಾನದ ಸುದ್ದಿಯವರು ಮಾತ್ರ ಜಾಣರು. ಅವರದು "ವಾಯುಭಾರ ಕುಸಿತ", ಗೊಂದಲವೇ ಇಲ್ಲ.

ಪದದ ಬೇರು ಒತ್ತು. ಎಷ್ಟು ಒಳ್ಳೆಯ ಕ್ರಿಯಾಪದ ಅಂದರೆ, ಅಡುಗೆಮನೆಯಿಂದ ಕಂದಾಯ ಇಲಾಖೆಯವರೆಗೆ ಓಡಾಡುತ್ತದೆ. ಶಾವಿಗೆ ಒತ್ತುತ್ತೇವೆ, ಚಕ್ಕುಲಿ ಒತ್ತುತ್ತೇವೆ, ಅಜ್ಜಿಯ ಕಾಲು ಒತ್ತುತ್ತೇವೆ. ಹೆಬ್ಬೆಟ್ಟು ಒತ್ತುತ್ತೇವೆ. ಪಕ್ಕದವರ ಜಾಗಕ್ಕೆ ಬೇಲಿ ಒತ್ತಿದರೆ ಒತ್ತುವರಿ. ಬೇಡ ಅಂದರೂ ಬಡಿಸಿದರೆ ಒತ್ತಾಯ. ಬೆನ್ನಿಗೆ ನಿಂತರೆ ಒತ್ತಾಸೆ. ಅಕ್ಷರದ ಕೆಳಗೆ ಇನ್ನೊಂದು ಅಕ್ಷರ ಸಿಕ್ಕಿಸಿದರೆ ಒತ್ತಕ್ಷರ, ಅದಂತೂ "ಒತ್ತಡ"ದ ಹೊಟ್ಟೆಯಲ್ಲೇ ಒಂದು ಕೂತಿದೆ. ತೆಲುಗಿನವರಿಗೆ ಇದೇ ಬೇರಿನಿಂದ ಒತ್ತಿಡಿ ಇದೆ, ಅರ್ಥವೂ ನಮ್ಮದೇ, ಗೊಂದಲವೂ ನಮ್ಮದೇ. ತಮಿಳಿನ ಒತ್ತಡಂ ಮಾತ್ರ ಬೇರೆ. ಅದು ನೋವಿರುವ ಕಡೆ ಬಿಸಿ ಬಟ್ಟೆ ಒತ್ತಿ ಕೊಡುವ ಶಾಖ. ನಮ್ಮಲ್ಲಿ ಒತ್ತಡವೇ ನೋವು, ಅಲ್ಲಿ ನೋವಿಗೆ ಒತ್ತಡಂ ಮದ್ದು.

ಈ ಎಲ್ಲದರಲ್ಲೂ ಒತ್ತುವವರು ಒಬ್ಬರಿದ್ದಾರೆ, ಒತ್ತಿಸಿಕೊಳ್ಳುವುದು ಒಂದಿದೆ. ಇಷ್ಟನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಭೌತಶಾಸ್ತ್ರದ ಪ್ರೆಶರ್‌ಗೆ ಒತ್ತಡ ಸರಿಯಾಗಿ ಹೊಂದುತ್ತದೆ. ಎಷ್ಟು ಬಲ, ಎಷ್ಟು ಜಾಗದ ಮೇಲೆ ಅನ್ನುವುದೇ ಅದು. ಎಡವಟ್ಟು ಶುರುವಾಗುವುದು ಸ್ಟ್ರೆಸ್ ಮತ್ತು ಟೆನ್ಷನ್ ಎರಡನ್ನೂ ಇದೇ ಚೀಲಕ್ಕೆ ತುಂಬಿದಾಗ. ಟೆನ್ಷನ್ ಲ್ಯಾಟಿನ್ನಿನಿಂದ ಬಂದದ್ದು, ಮೂಲದಲ್ಲಿ ಎಳೆಯುವುದು ಎಂದರ್ಥ. ಬಾವಿಯ ಹಗ್ಗದಲ್ಲಿ ಇರುವುದು ಅದು. ಹಗ್ಗವನ್ನು ಒತ್ತಿ ನೀರು ಸೇದಿದವರನ್ನು ನಾನಂತೂ ನೋಡಿಲ್ಲ. ಸ್ಟ್ರೆಸ್‌ನ ಬೇರೂ ಲ್ಯಾಟಿನ್, ಬಿಗಿ ಎಂಬ ಅರ್ಥದ ಪದ. ಒಂದು ಒತ್ತುವುದು, ಒಂದು ಎಳೆಯುವುದು, ಒಂದು ಬಿಗಿಯುವುದು. ಮೂರಕ್ಕೂ ನಾವು ಒತ್ತಡ ಅಂದು ಕೈತೊಳೆದುಕೊಂಡೆವು.

ಹೈಪರ್‌ಟೆನ್ಷನ್ ಅಂದರೆ ಜಾಸ್ತಿ ಟೆನ್ಷನ್ ಮಾಡಿಕೊಳ್ಳುವವರ ಕಾಯಿಲೆ ಎಂಬ ನಂಬಿಕೆ ಹುಟ್ಟಿದ್ದೂ ಹೀಗೇ. ಅಲ್ಲಿನ ಟೆನ್ಷನ್ ಮನಸ್ಸಿನದಲ್ಲ, ರಕ್ತನಾಳದ್ದು. ಎಷ್ಟೋ ಜನ ಶಾಂತಸ್ವಭಾವದವರಿಗೆ ಬಿಪಿ ಜಾಸ್ತಿ ಇರುತ್ತದೆ, ಏನೂ ಗೊತ್ತಾಗುವುದೂ ಇಲ್ಲ. "ನಂಗೆ ಟೆನ್ಷನ್ನೇ ಇಲ್ಲ, ಮಾತ್ರೆ ಯಾಕೆ?" ಎಂದು ನಿಲ್ಲಿಸಿಬಿಡುವವರು ಪ್ರತಿ ಊರಲ್ಲೂ ಸಿಗುತ್ತಾರೆ. ಪದವೇ ದಾರಿ ತಪ್ಪಿಸಿದರೆ ಡಾಕ್ಟರ್ ಏನು ಮಾಡಿಯಾರು?

ಮತ್ತೆ ಹಗ್ಗಕ್ಕೆ ಬರೋಣ. ತುಂಬಿದ ಕೊಡ ತೂಗಿದೆ. ಕೊಡದ ತೂಕ ಒಂದು. ಅದರಿಂದ ಹಗ್ಗದ ಒಳಗೆ ಉಂಟಾಗುವ ಬಿಗಿತ ಎರಡು, ಎಂಜಿನಿಯರುಗಳಿಗೆ ಸ್ಟ್ರೆಸ್ ಎಂದರೆ ಇದು. ಹಗ್ಗ ಎಷ್ಟು ಹಿಗ್ಗಿತು ಎಂಬುದು ಮೂರು, ಅದು ಸ್ಟ್ರೇನ್. ಮೂರೂ ಬೇರೆ ಬೇರೆ. ಹಳೇ ಹಗ್ಗ, ಹೊಸ ಹಗ್ಗ ಎರಡಕ್ಕೂ ಅದೇ ಕೊಡ ಕಟ್ಟಿದರೂ ಪಾಡು ಒಂದೇ ಅಲ್ಲ.

ಈ ಲೆಕ್ಕವನ್ನು ಮೈಮನಸ್ಸಿಗೆ ತಂದವರು ಹ್ಯಾನ್ಸ್ ಸೆಲ್ಯೆ. ವಿಯೆನ್ನಾದಲ್ಲಿ ಹುಟ್ಟಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಕೆಲಸ ಮಾಡಿದವರು. ಇಲಿಗಳನ್ನು ಯಾವ ಬಗೆಯಲ್ಲಿ ಗೋಳಾಡಿಸಿದರೂ ಅವುಗಳ ಮೈಯೊಳಗೆ ಒಂದೇ ಥರದ ಬದಲಾವಣೆ ಆಗುತ್ತದೆ ಎಂದು 1936ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದರು. ತಮಾಷೆ ಎಂದರೆ ಆ ಬರಹದ ತಲೆಬರಹದಲ್ಲಿ ಸ್ಟ್ರೆಸ್ ಎಂಬ ಪದವೇ ಇಲ್ಲ. ಆಮೇಲೆ ಆ ಪದ ಹಿಡಿದರು. ಹಿಡಿದದ್ದು ತಪ್ಪು ಪದ. ಅವರು ಹೇಳುತ್ತಿದ್ದುದು ಒಳಗಿನ ಪಾಡನ್ನು, ಭೌತಶಾಸ್ತ್ರದಲ್ಲಾದರೆ ಅದು ಸ್ಟ್ರೇನ್. ಮುಂದೆ ಅವರೇ ಇದನ್ನು ಒಪ್ಪಿಕೊಂಡರು. ಹೊರಗಿನ ಕಾರಣಕ್ಕೆ ಹೆಸರಿಲ್ಲದಂತಾಗಿ ಸ್ಟ್ರೆಸರ್ ಎಂಬ ಹೊಸ ಪದ ಹುಟ್ಟಿಸಬೇಕಾಯಿತು. ಇಂಗ್ಲಿಷಿನವರು ಹಾಗಾದರೂ ಎರಡು ಮಾಡಿಕೊಂಡರು. ನಾವು ಅನುವಾದ ಮಾಡುವಾಗ ಎರಡನ್ನೂ ಮತ್ತೆ ಒತ್ತಡಕ್ಕೇ ತಂದು ಕಟ್ಟಿದೆವು.

ಅಳೆಯುವ ವಿಷಯಕ್ಕೆ ಬಂದರೆ ರಕ್ತದೊತ್ತಡಕ್ಕೂ ಸ್ಟ್ರೆಸ್‌ಗೂ ನಡುವಿನ ದೂರ ಕಣ್ಣಿಗೇ ಕಾಣುತ್ತದೆ. ರಕ್ತದೊತ್ತಡಕ್ಕೆ ಮೂಲಮಾನ ಇದೆ, ಪಾದರಸದ ಮಿಲಿಮೀಟರ್. ಸ್ಟೀಫನ್ ಹೇಲ್ಸ್ ಎಂಬ ಇಂಗ್ಲೆಂಡಿನ ಪಾದ್ರಿ ಕುದುರೆಯ ರಕ್ತನಾಳಕ್ಕೆ ಗಾಜಿನ ಕೊಳವೆ ಸಿಕ್ಕಿಸಿ, ರಕ್ತ ಎಂಟು ಅಡಿಗೂ ಮೇಲೆ ಏರಿದ್ದನ್ನು ನೋಡಿ 1733ರಲ್ಲಿ ಪ್ರಕಟಿಸಿದರು. 1896ರಲ್ಲಿ ಇಟಲಿಯ ರೀವಾ ರೋಚಿ ತೋಳಿಗೆ ಪಟ್ಟಿ ಕಟ್ಟಿದರು. 1905ರಲ್ಲಿ ರಷ್ಯಾದ ಕೊರೊಟ್ಕಾಫ್ ಅದರ ಕೆಳಗೆ ಸ್ಟೆತಸ್ಕೋಪ್ ಇಟ್ಟು ಸದ್ದು ಕೇಳಿದರು. ಮನೆಯ ಡಿಜಿಟಲ್ ಯಂತ್ರ ಸದ್ದು ಕೇಳುವುದಿಲ್ಲ. ಪಟ್ಟಿಯೊಳಗಿನ ಗಾಳಿ ನಾಡಿಯ ಜೊತೆ ಎಷ್ಟು ಅದುರುತ್ತದೆ ಎಂದು ನೋಡಿ ಮೇಲಿನ ಅಂಕಿ, ಕೆಳಗಿನ ಅಂಕಿ ಲೆಕ್ಕ ಹಾಕುತ್ತದೆ. ಅದರೊಳಗಿನ ಸೆನ್ಸರ್‌ನಲ್ಲಿ ಸಾಮಾನ್ಯವಾಗಿ ಒಂದು ಪುಟ್ಟ ಸಿಲಿಕಾನ್ ಪೊರೆ ಇರುತ್ತದೆ. ಗಾಳಿ ಒತ್ತಿದರೆ ಪೊರೆ ಬಾಗುತ್ತದೆ, ಬಾಗಿದರೆ ವಿದ್ಯುತ್ತಿಗೆ ಅದು ಒಡ್ಡುವ ತಡೆ ಬದಲಾಗುತ್ತದೆ. ಅಂದರೆ ಪ್ರೆಶರ್ ತಿಳಿಯಲು ಯಂತ್ರ ನೋಡುವುದು ಸ್ಟ್ರೇನನ್ನು. ಅದಕ್ಕೆ ಈ ವ್ಯತ್ಯಾಸ ಗೊತ್ತು!

ಇಲ್ಲೇ ಒಂದು ಮಾತು. ತೋಳನ್ನು ಎದೆಯ ಮಟ್ಟದಲ್ಲೇ ಇಡಿ. 10 ಸೆಂಟಿಮೀಟರ್ ಕೆಳಗಿಟ್ಟರೆ ಅಷ್ಟೆತ್ತರದ ರಕ್ತದ ಭಾರವೂ ಸೇರಿ ಸುಮಾರು 8 ಮಿಲಿಮೀಟರ್ ಜಾಸ್ತಿ ತೋರಿಸುತ್ತದೆ.

ವಾಚಿನ "ಒತ್ತಡ" ಇದ್ಯಾವುದೂ ಅಲ್ಲ. ಅದು ಚರ್ಮದ ಮೇಲೆ ಹಸಿರು ಬೆಳಕು ಬಿಡುತ್ತದೆ. ಮಿಡಿತಕ್ಕೆ ತಕ್ಕಂತೆ ಬೆಳಕು ಎಷ್ಟು ವಾಪಸ್ ಬರುತ್ತದೆ ಎಂದು ನೋಡುತ್ತದೆ. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಸಮಯ ಸ್ವಲ್ಪ ಹೆಚ್ಚುಕಮ್ಮಿ ಆಗುತ್ತಿದ್ದರೆ ಆರಾಮ, ಗಡಿಯಾರದ ಟಿಕ್ ಟಿಕ್ ಥರ ಸಮ ಆದರೆ ಸ್ಟ್ರೆಸ್ ಎಂದು ಊಹಿಸುತ್ತದೆ. ಜ್ವರ ಬಂದರೂ, ನಿದ್ದೆಗೆಟ್ಟರೂ, ಮೆಟ್ಟಿಲು ಹತ್ತಿದರೂ ಹಾಗಾಗಬಹುದು. 38ಕ್ಕೆ ಮೂಲಮಾನವೇ ಇಲ್ಲ, ಅದು ಕಂಪನಿಯವರ ಸ್ವಂತ ಲೆಕ್ಕ.

ನನಗೆ ನಿಜವಾಗಿ ತಲೆ ಕೆಡುವುದು ಇನ್ನೊಂದು ಪ್ರಯೋಗದಿಂದ. "ಪೋಷಕರ ಒತ್ತಡ." ಪರೀಕ್ಷೆ ಹತ್ತಿರ ಬಂದಾಗ ಇದು ಎಲ್ಲ ಕಡೆ ಕಾಣಿಸಿಕೊಳ್ಳುತ್ತದೆ. ಪೋಷಕರು ಮಕ್ಕಳ ಮೇಲೆ ಹೇರುವುದೋ, ಪೋಷಕರೇ ಅನುಭವಿಸುವುದೋ? ಮನಃಶಾಸ್ತ್ರದಲ್ಲಿ ಇವು ಎರಡು ಬೇರೆ ವಿಷಯ, ಬೇರೆ ಪ್ರಶ್ನಾವಳಿ, ಬೇರೆ ಸಂಶೋಧನೆ. ಎರಡನೆಯದನ್ನು ಅಳೆಯಲೆಂದೇ ರಿಚರ್ಡ್ ಅಬಿಡಿನ್ ಮಾಡಿದ ಪೇರೆಂಟಿಂಗ್ ಸ್ಟ್ರೆಸ್ ಇಂಡೆಕ್ಸ್ ಇದೆ. ಕನ್ನಡಕ್ಕೆ ಬಂದಾಗ ಎರಡೂ "ಪೋಷಕರ ಒತ್ತಡ". ಓದಿದ ತಂದೆ "ಹೌದಪ್ಪ, ನಮಗೂ ಎಷ್ಟು ಒತ್ತಡ" ಎಂದು ತಲೆಯಾಡಿಸುತ್ತಾರೆ. ಬರೆದವರು ಅವರನ್ನೇ ಬೈದಿರುತ್ತಾರೆ!

"ಮಗುವಿಗೆ ಒತ್ತಡ ಇದೆ" ಅನ್ನುವುದೂ ಅಷ್ಟೇ. ಒತ್ತುವವರು ವಾಕ್ಯದಿಂದ ಮೆಲ್ಲಗೆ ಜಾರಿಕೊಂಡಿದ್ದಾರೆ. ನೆಗಡಿ ಇದೆ ಅಂದ ಹಾಗೆ ಒತ್ತಡ ಇದೆ. "ಒತ್ತಡ ಹೇರಿದ್ದಾರೆ" ಅಂದುನೋಡಿ, ಕೂಡಲೇ ಯಾರು ಎಂಬ ಪ್ರಶ್ನೆ ಬರುತ್ತದೆ.

ಅಮೆರಿಕದ ರೂಬೆನ್ ಹಿಲ್ 1949ರಲ್ಲಿ, ಯುದ್ಧದಿಂದ ಚದುರಿ ಮತ್ತೆ ಸೇರಿದ ಕುಟುಂಬಗಳನ್ನು ನೋಡಿ ಒಂದು ಸೂತ್ರ ಬರೆದರು. ಬಂದೆರಗಿದ ಘಟನೆ, ಮನೆಯವರ ಕೈಯಲ್ಲಿರುವ ಆಸರೆ, ಆ ಘಟನೆಗೆ ಅವರು ಕೊಡುವ ಅರ್ಥ. ಈ ಮೂರೂ ಸೇರಿ ಬಿಕ್ಕಟ್ಟು ಆಗುತ್ತದೋ ಇಲ್ಲವೋ ತೀರ್ಮಾನ. ಪಿಯುಸಿಯಲ್ಲಿ ಅದೇ ನೂರಕ್ಕೆ ಎಪ್ಪತ್ತು. ಒಂದು ಮನೆಯಲ್ಲಿ ಹೋಳಿಗೆ, ಪಕ್ಕದ ಮನೆಯಲ್ಲಿ ಒಲೆಯೇ ಹಚ್ಚಿಲ್ಲ. ಎಲ್ಲಕ್ಕೂ ಒತ್ತಡ ಅಂದರೆ ಯಾವುದನ್ನು ಸರಿಮಾಡಬೇಕು ಅಂತ ಗೊತ್ತಾಗುವುದು ಹೇಗೆ?

"ಸ್ವಲ್ಪ ಒತ್ತಡ ಒಳ್ಳೆಯದು, ವಿಜ್ಞಾನ ಹೇಳಿದೆ" ಎಂದು, ಒತ್ತಡ ಏರಿದಂತೆ ಕೆಲಸ ಸುಧಾರಿಸಿ, ಮಿತಿ ಮೀರಿದರೆ ಕೆಡುತ್ತದೆ ಎಂದು ತೋರಿಸುವ ಗುಡ್ಡದ ಆಕಾರದ ಚಿತ್ರ ಕಳಿಸುವವರಿಗೂ ಒಂದು ಮಾತು. ಆ ಗುಡ್ಡದ ಮೂಲ 1908ರ ಯರ್ಕ್ಸ್ ಮತ್ತು ಡಾಡ್ಸನ್ ಪ್ರಯೋಗ. ಅಲ್ಲಿದ್ದವು ಇಲಿಮರಿಗಳಂಥ ಪುಟ್ಟ ಇಲಿಗಳು. ಕಪ್ಪು ಪೆಟ್ಟಿಗೆಗೆ ಹೋದರೆ ಕರೆಂಟ್ ಶಾಕ್, ಬಿಳಿಗೆ ಹೋದರೆ ಇಲ್ಲ. ವಿದ್ಯಾರ್ಥಿಗಳೂ ಇರಲಿಲ್ಲ, ಸಿಇಟಿಯೂ ಇರಲಿಲ್ಲ. ಕಲಿಯುವುದು ಕಷ್ಟವಾದಷ್ಟೂ ಜೋರು ಶಾಕ್ ಕೆಲಸಕ್ಕೆ ಬರಲಿಲ್ಲ ಎಂಬ ಭಾಗವನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಹೊಸ ಪದ ಕಟ್ಟಿ ಅಂತ ನಾನು ಹೇಳುತ್ತಿಲ್ಲ. ಕಟ್ಟಿದರೆ ಅದೂ ಸಂಮರ್ದದ ದಾರಿ ಹಿಡಿಯುತ್ತದೆ. ಇರುವುದನ್ನೇ ಬಳಸಬಹುದಲ್ವಾ? ಹೊರಗಿನಿಂದ ಬಂದದ್ದಕ್ಕೆ ಹೊರೆ. ಮೈಯಲ್ಲಿ ಬಿಗಿತ. ಆಮೇಲೆ ಆಗುವ ಪಾಡಿಗೆ ನಲುಗುವುದು. "ಹುಡುಗ ನಲುಗಿದ್ದಾನೆ" ಅಂದರೆ ಯಾರಿಗೆ ಅರ್ಥವಾಗುವುದಿಲ್ಲ ಹೇಳಿ. ಅಳು ಒತ್ತರಿಸಿ ಬರುವುದು ಅನ್ನುವ ಭಾಷೆ ನಮ್ಮದು, ಒಳಗಿನಿಂದ ಒತ್ತುವುದಕ್ಕೂ ಅದರಲ್ಲಿ ಜಾಗ ಇದೆ. ರಕ್ತಕ್ಕೆ ಮತ್ತು ಟೈರಿಗೆ ಒತ್ತಡ ಇರಲಿ, ತೊಂದರೆಯಿಲ್ಲ.

ದೊಡ್ಡಪ್ಪನ ಆ್ಯಪನ್ನು ಇಂಗ್ಲಿಷಿಗೆ ಬದಲಾಯಿಸಿಕೊಟ್ಟೆ. ಕನ್ನಡದ ಬಗ್ಗೆ ಇಷ್ಟುದ್ದ ಬರೆಯುವವನು ಹಾಗೆ ಮಾಡಬಾರದಿತ್ತು, ಗೊತ್ತು. ಆದರೆ ಅವರು ಮತ್ತೆ ಉಪ್ಪಿನ ಡಬ್ಬಕ್ಕೆ ಕೈ ಹಾಕುವುದನ್ನು ತಪ್ಪಿಸಲು ಆವತ್ತು ಬೇರೆ ದಾರಿ ತೋಚಲಿಲ್ಲ.