ಬೋಲ್ಟ್ ಸಲೀಸಾಗಿ ಕೂತಿತು, ಆದರೆ ಸರಿಯಾಗಿ ಕೂತಿತಾ?

ರೈಫಲ್ ಬಿಚ್ಚಿ, ಒರೆಸಿ, ಎಣ್ಣೆ ಹಚ್ಚಿ ಮತ್ತೆ ಜೋಡಿಸುವಾಗ ಯಾವುದೋ ಒಂದು ಭಾಗ ಕೂರುವುದೇ ಇಲ್ಲ. ಹೊಸಬರು ಗಾಬರಿಯಾಗುವುದು ಆಗಲೇ. ನನ್ನನ್ನು ಕೇಳಿದರೆ, ಅದು ಅಷ್ಟೇನೂ ಹೆದರುವ ವಿಷಯವಲ್ಲ. ಕೂರದ ಭಾಗ ನಿಮ್ಮನ್ನು ಅಲ್ಲೇ ತಡೆಯುತ್ತದೆ, ನೀವು ಒತ್ತಿ ತುರುಕದಿದ್ದರೆ ಆಯಿತು. ಜಾಸ್ತಿ ಭಯ ಬೇಕಾದದ್ದು ತಪ್ಪಾಗಿ ಕೂತ ಭಾಗದ ಬಗ್ಗೆ: ಬೋಲ್ಟ್ (ತೋಟಾವನ್ನು ಒಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಉಕ್ಕಿನ ತುಂಡು) ಹಿಂದೆ ಮುಂದೆ ಓಡಾಡುತ್ತದೆ, ತೋಟಾ ಚೇಂಬರಿಗೆ, ಅಂದರೆ ಬ್ಯಾರೆಲ್ಲಿನ ಹಿಂತುದಿಯಲ್ಲಿ ಅದು ಕೂರುವ ಗೂಡಿಗೆ, ಹೋಗುತ್ತದೆ, ನೋಡುವವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ.

ಯಾಕೆ ಭಯ ಅಂತ ಸ್ವಲ್ಪ ಲೆಕ್ಕ ಹಾಕೋಣ. .308 ವಿಂಚೆಸ್ಟರ್ ತೋಟಾ ಸಿಡಿದಾಗ ಒಳಗಿನ ಒತ್ತಡ ಚದರ ಇಂಚಿಗೆ 62,000 ಪೌಂಡ್‌ವರೆಗೆ ಏರಬಹುದು. ಕಾರಿನ ಟೈರಿನಲ್ಲಿ ಇರುವುದು 30-35, ಅಷ್ಟೇ. ಆ ತೋಟಾದ ಒಳತಳ ಸುಮಾರು ಒಂದು ಸೆಂಟಿಮೀಟರ್ ಅಗಲ ಇರುತ್ತದೆ. ಗುಣಿಸಿ ನೋಡಿದರೆ ಬೋಲ್ಟನ್ನು ಹಿಂದಕ್ಕೆ, ಅಂದರೆ ನಿಮ್ಮ ಮುಖದ ಕಡೆಗೆ, ತಳ್ಳುವ ಬಲ ಸುಮಾರು 3 ಟನ್. ಅದನ್ನು ತಡೆದು ನಿಲ್ಲಿಸುವುದು ಬೋಲ್ಟಿನ ಮೇಲಿನ ಕೆಲವೇ ಕೆಲವು ಉಬ್ಬುಗಳು. ಅವಕ್ಕೆ ಲಗ್ ಅಂತಾರೆ. ಬೋಲ್ಟ್ ತಿರುಗಿ ಲಗ್‌ಗಳು ತಮ್ಮ ತೋಡುಗಳಲ್ಲಿ ಸಿಕ್ಕಿಕೊಂಡರೆ ಮಾತ್ರ ಬೀಗ ಬಿದ್ದ ಹಾಗೆ.

ಇದಕ್ಕೆ ಇತಿಹಾಸದಲ್ಲೇ ಒಂದು ಕುಖ್ಯಾತ ಉದಾಹರಣೆ ಇದೆ. ಮೊದಲ ಮಹಾಯುದ್ಧಕ್ಕೆ ಕೆನಡಾದ ಸೈನಿಕರು ಒಯ್ದದ್ದು ಚಾರ್ಲ್ಸ್ ರಾಸ್ ರೂಪಿಸಿದ ರಾಸ್ ರೈಫಲ್. ಅದರ ಹಿಡಿಯನ್ನು ತಿರುಗಿಸಬೇಕಿರಲಿಲ್ಲ, ನೇರ ಎಳೆದು ನೇರ ತಳ್ಳಿದರೆ ಸಾಕು, ಒಳಗಿನ ಸುರುಳಿ ತೋಡುಗಳೇ ಬೋಲ್ಟಿನ ತಲೆಯನ್ನು ತಿರುಗಿಸಿ ಬೀಗ ಹಾಕುತ್ತಿದ್ದವು. ಗುರಿ ತುಂಬಾ ಚೆನ್ನಾಗಿತ್ತು ಅನ್ನುವುದೂ ನಿಜ. ಆದರೆ 1910ರ ಮಾದರಿಯ ಬೋಲ್ಟನ್ನು ಬಿಚ್ಚಿ ತೊಳೆದು ಜೋಡಿಸುವಾಗ ತಲೆಯನ್ನು ತಪ್ಪು ಕೋನದಲ್ಲಿ ಕೂರಿಸಿದರೂ ಅದು ರೈಫಲ್ಲಿನೊಳಗೆ ಹೋಗುತ್ತಿತ್ತು. ತೋಟಾ ತಳ್ಳುತ್ತಿತ್ತು, ಗುಂಡೂ ಹಾರುತ್ತಿತ್ತು. ಬೀಗ ಮಾತ್ರ ಬಿದ್ದಿರುತ್ತಿರಲಿಲ್ಲ. ಆಮೇಲೆ ತಪ್ಪಾಗಿ ಜೋಡಿಸಲು ಆಗದ ಹಾಗೆ ಬೋಲ್ಟಿಗೆ ಒಂದು ರಿವೆಟ್ ಹೊಡೆದರು. ಅಷ್ಟು ಚಿಕ್ಕ ಮೊಳೆ ಮೊದಲೇ ಇರಬಾರದಿತ್ತಾ ಅನ್ನಿಸುತ್ತದೆ, ಅಲ್ವಾ? ಕೆಸರಿನಲ್ಲಿ ಸಿಕ್ಕಿಹಾಕಿಕೊಳ್ಳುವ ಕಾಯಿಲೆಯೂ ಅದಕ್ಕಿತ್ತು. 1916ರಲ್ಲಿ ಅದರ ಜಾಗಕ್ಕೆ ಲೀ-ಎನ್‌ಫೀಲ್ಡ್ ಬಂತು.

ಇದು ಹಳೆಯ ಕಥೆ ಅಂತ ಬಿಡುವ ಹಾಗಿಲ್ಲ. ಎಆರ್-15 ಮಾದರಿಯಲ್ಲಿ ಬೋಲ್ಟನ್ನು ತಿರುಗಿಸುವುದು ಕ್ಯಾಮ್ ಪಿನ್ ಎನ್ನುವ ಒಂದು ಸಣ್ಣ ತುಂಡು. ಅದನ್ನು ಮೇಜಿನ ಮೇಲೆ ಮರೆತು ಉಳಿದದ್ದೆಲ್ಲ ಜೋಡಿಸಿದರೆ ಬೋಲ್ಟ್ ತಿರುಗದೆಯೂ ಗುಂಡು ಹಾರಬಹುದು, ರೈಫಲ್ ಒಡೆದು ಹೋಗಬಹುದು. ಹಾಗಾಗಿ ಅದನ್ನು ಕೊನೆಯಲ್ಲಿ ಬೆರಳಲ್ಲಿ ಮುಟ್ಟಿ ನೋಡಿ. ತೋಟಾಕ್ಕೆ ಹೊಡೆದು ಅದನ್ನು ಸಿಡಿಸುವ ಫೈರಿಂಗ್ ಪಿನ್ನನ್ನು ಹಿಡಿದಿಡುವ ಸೀಳು ಪಿನ್ ಕೂಡ ಅದರ ಜಾಗದಲ್ಲೇ ಇರಬೇಕು. ಬೋಲ್ಟನ್ನು ಹೊತ್ತಿರುವ ಕ್ಯಾರಿಯರಿನ ಹಿಂಬದಿ ಕೆಳಗೆ ಮಾಡಿ ಅಂಗೈಗೆ ತಟ್ಟಿದಾಗ ಫೈರಿಂಗ್ ಪಿನ್ ಜಾರಿ ಬಿದ್ದರೆ, ಸೀಳು ಪಿನ್ ತಪ್ಪಿ ಕೂತಿದೆ ಅಂತಲೇ ಅರ್ಥ.

ಫೈರಿಂಗ್ ಪಿನ್ ಎಷ್ಟು ಹೊರಗೆ ಚಾಚಬೇಕು ಅನ್ನುವುದಕ್ಕೂ ಲೆಕ್ಕ ಇದೆ. ಮೋಸಿನ್-ನಗಾಂತ್ ರೈಫಲ್ಲಿನಲ್ಲಿ ಈ ಪಿನ್ನನ್ನು ಸ್ಕ್ರೂ ಥರ ತಿರುಗಿಸಿ ಕೂರಿಸಬೇಕು. ಜೊತೆಗೆ ಕೊಡುವ ಚಪ್ಪಟೆ ಸಲಕರಣೆಯಲ್ಲಿ 75 ಮತ್ತು 95 ಅಂತ ಎರಡು ಕಚ್ಚುಗಳಿರುತ್ತವೆ, ಅಂದರೆ ಇಂಚಿನ ಸಾವಿರದ ಭಾಗಗಳು. ಪಿನ್ನಿನ ತುದಿ 75ರ ಕಚ್ಚಿಗೆ ತಾಗಬೇಕು, 95ರದಕ್ಕೆ ತಾಗಬಾರದು. ಕಡಿಮೆ ಚಾಚಿದರೆ ತೋಟಾ ಹೊತ್ತಿಕೊಳ್ಳುವುದಿಲ್ಲ. ಜಾಸ್ತಿಯಾದರೆ ಪ್ರೈಮರನ್ನೇ (ತೋಟಾದ ತಳದಲ್ಲಿರುವ, ಮೊದಲು ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು) ತೂತು ಮಾಡಿ ಬಿಸಿ ಅನಿಲ ಹಿಂದಕ್ಕೆ ನುಗ್ಗುತ್ತದೆ.

ಒಂದೇ ಮಾದರಿಯ ಎರಡು ರೈಫಲ್ ಇದ್ದರೆ ಒಟ್ಟಿಗೆ ಬಿಚ್ಚಬೇಡಿ. ಬೋಲ್ಟ್‌ಗಳು ಅದಲು ಬದಲಾದರೂ ಕೂರುತ್ತವೆ, ತೊಂದರೆ ಅದೇ. ಬೋಲ್ಟಿಗೂ ಚೇಂಬರಿಗೂ ನಡುವೆ ತೋಟಾಕ್ಕೆ ಬಿಡುವ ಜಾಗವನ್ನು ಹೆಡ್‌ಸ್ಪೇಸ್ ಅಂತಾರೆ. ಅದು ಜಾಸ್ತಿಯಾದರೆ ತೋಟಾದ ಹಿತ್ತಾಳೆ ಕವಚ ಹಿಗ್ಗಿ ಹರಿಯಬಹುದು. ಲೀ-ಎನ್‌ಫೀಲ್ಡಿನ ನಂತರದ ನಂ. 4 ಮಾದರಿಯಲ್ಲಿ ಇದನ್ನು ಹೊಂದಿಸಲೆಂದೇ 0ಯಿಂದ 3ರವರೆಗೆ ನಂಬರ್ ಹಾಕಿದ ಬೇರೆ ಬೇರೆ ಉದ್ದದ ಬೋಲ್ಟ್ ತಲೆಗಳಿದ್ದವು.

ಸ್ಟಾಕಿನ, ಅಂದರೆ ಭುಜಕ್ಕೆ ಆನಿಸುವ ಮರದ ಕಟ್ಟಿನ, ಸ್ಕ್ರೂಗಳನ್ನು ಕೈಪಿಡಿ ಹೇಳಿದಷ್ಟೇ ಬಿಗಿ ಮಾಡಿ. ಸುಮ್ನೆ ಬಲ ಹಾಕಿದರೆ ಮರ ಅಮುಕುತ್ತದೆ, ಗುರಿ ಕದಲುತ್ತದೆ. ಬೋಲ್ಟ್ ಹಾಕುವ ಮೊದಲು ಚೇಂಬರ್ ಕಡೆಯಿಂದ ಬ್ಯಾರೆಲ್ಲಿನೊಳಗೆ ಬೆಳಕು ನೋಡಿ. ಒಳಗೆ ಉಳಿದ ಬಟ್ಟೆ ಚೂರು ಗುಂಡಿಗೆ ಅಡ್ಡ ನಿಂತರೆ ಬ್ಯಾರೆಲ್ ಉಬ್ಬಬಹುದು, ಸೀಳಲೂಬಹುದು. ಎಣ್ಣೆ ಕೂಡ ತೆಳ್ಳಗಿರಲಿ. ಫೈರಿಂಗ್ ಪಿನ್ನಿನ ದಾರಿಯಲ್ಲಿ ತುಂಬಿಕೊಂಡ ಎಣ್ಣೆ ಚಳಿಗೆ ಗಟ್ಟಿಯಾಗಿ ಹೊಡೆತವನ್ನು ಮೆತ್ತಗೆ ಮಾಡುತ್ತದೆ.

ಕೊನೆಗೆ ಪರೀಕ್ಷೆ. ತೋಟಾಗಳು ಬೇರೆ ಕೋಣೆಯಲ್ಲಿರಲಿ, ಚೇಂಬರ್ ಖಾಲಿ ಅಂತ ಕಣ್ಣಲ್ಲೂ ಬೆರಳಲ್ಲೂ ಖಚಿತ ಮಾಡಿಕೊಳ್ಳಿ, ಬ್ಯಾರೆಲ್ಲಿನ ಬಾಯಿ ಸುರಕ್ಷಿತ ದಿಕ್ಕಿಗಿರಲಿ. ಬೋಲ್ಟ್ ಎಳೆದು ಮುಚ್ಚಿ, ಸೇಫ್ಟಿ ಹಾಕಿ ಟ್ರಿಗರ್ ಒತ್ತಿ: ಏನೂ ಆಗಬಾರದು. ಟ್ರಿಗರ್ ಬಿಟ್ಟು ಸೇಫ್ಟಿ ತೆಗೆಯಿರಿ: ಆಗಲೂ ಪಿನ್ ತಾನಾಗಿ ಬೀಳಬಾರದು. ಈಗ ಒತ್ತಿದರೆ ಟಕ್ ಅನ್ನಬೇಕು. ಸೆಮಿ-ಆಟೋ (ಪ್ರತಿ ಗುಂಡಿನ ನಂತರ ತಾನೇ ಮುಂದಿನ ತೋಟಾ ತುಂಬುವ ರೈಫಲ್) ಆದರೆ ಟ್ರಿಗರ್ ಒತ್ತಿ ಹಿಡಿದೇ ಬೋಲ್ಟ್ ಎಳೆದು ಬಿಡಿ, ನಂತರ ಟ್ರಿಗರನ್ನು ನಿಧಾನ ಸಡಿಲಿಸಿದಾಗ ಸಣ್ಣ ಕ್ಲಿಕ್ ಕೇಳಬೇಕು. ಇವುಗಳಲ್ಲಿ ಒಂದು ತಪ್ಪಿದರೂ, ಅಥವಾ ಮೇಜಿನ ಮೇಲೆ ಒಂದು ಸ್ಪ್ರಿಂಗ್ ಮಿಕ್ಕಿದ್ದರೂ, ಒಂದು ಗುಂಡು ಹಾಕಿ ನೋಡೇಬಿಡೋಣ ಅನ್ನಬೇಡಿ. ಕೈಪಿಡಿ ತೆರೆದು ಮತ್ತೆ ಬಿಚ್ಚಿ. ಆಗಲೂ ಸರಿಹೋಗದಿದ್ದರೆ ಬಂದೂಕು ರಿಪೇರಿ ಮಾಡುವವರ ಹತ್ತಿರ ಒಯ್ಯಿರಿ.