ಬೆಕ್ಕಿನ ಹೆಸರಿಗೆ ದುಡ್ಡು ಬರೆದರೆ ಆಯ್ತಾ?

ವಿಲ್ ಬರೆಸಲು ಬಂದ ಹಿರಿಯರೊಬ್ಬರು ಕೈಯಲ್ಲಿ ಬರೆದ ಹಾಳೆಗಳನ್ನು ಮುಂದಿಟ್ಟರು. ಮನೆ ಯಾರಿಗೆ, ಒಡವೆ ಯಾರಿಗೆ ಅಂತ ಎರಡು ಪುಟ. ಕೊನೆಯಲ್ಲಿ ಒಂದೇ ಸಾಲು: ‘ಬ್ಯಾಂಕಿನಲ್ಲಿರುವ ಹಣವೆಲ್ಲ ನನ್ನ ಬೆಕ್ಕಿಗೆ.’ ಅವರಿಗೆ ಮನೆ, ಒಡವೆಗಿಂತ ಆ ಸಾಲೇ ಮುಖ್ಯವಾಗಿತ್ತು.

ಆ ಸಾಲು ನಿಲ್ಲುವುದಿಲ್ಲ. ಕಾನೂನಿನ ಲೆಕ್ಕದಲ್ಲಿ ಬೆಕ್ಕು ಕೂಡ ಒಂದು ಆಸ್ತಿ, ಮೇಜು ಕುರ್ಚಿ ಇದ್ದ ಹಾಗೆ. ಆಸ್ತಿಗೇ ಆಸ್ತಿ ಬರೆಯಲು ಆಗುವುದಿಲ್ಲ ಅಲ್ವಾ? ಅಮೆರಿಕದಲ್ಲಿ 2016ರಲ್ಲಿ ಮಿನ್ನೆಸೋಟ ರಾಜ್ಯವೂ ಕಾನೂನು ಮಾಡಿದ ಮೇಲೆ ಎಲ್ಲ 50 ರಾಜ್ಯಗಳಲ್ಲೂ ಸಾಕುಪ್ರಾಣಿಗೆಂದೇ ಟ್ರಸ್ಟ್ (ಹಣವನ್ನು ಒಬ್ಬರ ಕೈಗೆ ಕೊಟ್ಟು, ಇಂಥದ್ದಕ್ಕೇ ಖರ್ಚು ಮಾಡಿ ಅನ್ನುವ ಏರ್ಪಾಡು) ಮಾಡಬಹುದು. ಅಂಥ ಕಾನೂನು ಇಲ್ಲದ ಕಡೆ ಸಾಕುವವರ ಹೆಸರಿಗೆ ಬರೆದು, ಪ್ರಾಣಿ ಬದುಕಿರುವ ತನಕ ಅದರ ಖರ್ಚಿಗೆ ಅಂತ ಷರತ್ತು ಹಾಕುವ ದಾರಿ ಇದೆ.

ಹೇಗೇ ಬರೆದರೂ, ಸಾಕುವವರು ಒಬ್ಬರು, ದುಡ್ಡು ಇಟ್ಟುಕೊಂಡು ಲೆಕ್ಕ ಕೇಳುವವರು ಇನ್ನೊಬ್ಬರು ಇರಲಿ. ಉಳಿದ ಹಣ ಯಾರಿಗೆ ಅನ್ನುವುದನ್ನೂ ಬರೆಯಿರಿ, ಆದರೆ ಅದು ಸಾಕುವವರಿಗೇ ಹೋಗುವಂತೆ ಮಾಡಬೇಡಿ. ಬೆಕ್ಕು ಬೇಗ ಸತ್ತಷ್ಟೂ ಅವರಿಗೆ ಲಾಭ ಅಂತಾದರೆ ಕಷ್ಟ. (ಎಲ್ಲರೂ ಹಾಗೆ ಅಂತ ಅಲ್ಲ, ಆದರೆ ವಕೀಲರ ಬುದ್ಧಿ ಓಡುವುದೇ ಹಾಗೆ.) ‘ನನ್ನ ಟಾಮಿ’ ಅಂತ ಹೆಸರು ಹಾಕುವುದಕ್ಕಿಂತ ‘ನಾನು ಸಾಯುವಾಗ ನನ್ನ ಹತ್ತಿರ ಇರುವ ಪ್ರಾಣಿಗಳು’ ಅಂತ ಬರೆಯುವುದು ಮೇಲು, ಯಾಕೆಂದರೆ ಟಾಮಿ ನಿಮಗಿಂತ ಮೊದಲೇ ಹೋಗಿ ಇನ್ನೊಂದು ಮರಿ ಬಂದಿರಬಹುದು. ಗಿಳಿ ಸಾಕಿದವರು ಮುಂದೆ ಅದನ್ನು ನೋಡಿಕೊಳ್ಳಲು ಎರಡನೆಯವರ ಹೆಸರನ್ನೂ ಬರೆಯಲೇಬೇಕು. ದೊಡ್ಡ ಜಾತಿಯ ಗಿಳಿಗಳು 50 ವರ್ಷ ಬದುಕುವುದೂ ಉಂಟು.

ಹಾಗಂತ ಸುಮ್ನೆ ಕೋಟಿಗಟ್ಟಲೆ ಬರೆದಿಡಬೇಡಿ. ನ್ಯೂಯಾರ್ಕಿನ ಹೋಟೆಲ್ ಒಡತಿ ಲಿಯೋನಾ ಹೆಲ್ಮ್‌ಸ್ಲಿ 2007ರಲ್ಲಿ ತೀರಿಕೊಂಡಾಗ ತಮ್ಮ ನಾಯಿಗೆ 1.2 ಕೋಟಿ ಡಾಲರ್ ಇಟ್ಟಿದ್ದರು. ಜಾಸ್ತಿ ಆಯಿತು ಅಂತ ನ್ಯಾಯಾಧೀಶರು ಅದನ್ನು 20 ಲಕ್ಷಕ್ಕೆ ಇಳಿಸಿದರು. ಆಹಾರ, ಡಾಕ್ಟರು, ಔಷಧಿ ಅಂತ ವರ್ಷದ ಖರ್ಚು ಕೂಡಿ, ಉಳಿದ ಆಯಸ್ಸಿನಿಂದ ಗುಣಿಸಿ, ಮುದಿವಯಸ್ಸಿನ ಕಾಯಿಲೆಗೆ ಒಂದಿಷ್ಟು ಸೇರಿಸಿದರೆ ಸಾಕು.

ಇನ್ನೊಂದು ವಿಷಯ. ವಿಲ್ ತೆಗೆದು ಓದುವ ಹೊತ್ತಿಗೆ ವಾರಗಳೇ ಕಳೆದಿರುತ್ತವೆ, ಬೆಕ್ಕಿಗೆ ಹಸಿವಾಗುವುದು ಅದೇ ಸಂಜೆ. ನೀವು ಸಾಯದೆ ಆಸ್ಪತ್ರೆಯಲ್ಲಿ ಮಲಗಿದ್ದರಂತೂ ವಿಲ್ ಯಾವ ಕೆಲಸಕ್ಕೂ ಬರುವುದಿಲ್ಲ. ಮನೆಯ ಇನ್ನೊಂದು ಕೀ ಯಾರ ಹತ್ತಿರ ಇದೆ, ಬೆಕ್ಕಿಗೆ ಏನು ಹಾಕಬೇಕು ಅನ್ನುವುದನ್ನು ಬೇರೆ ಚೀಟಿಯಲ್ಲಿ ಬರೆದು ಇವತ್ತೇ ಯಾರಿಗಾದರೂ ಕೊಡಿ.

ಆ ಹಿರಿಯರು ಬೆಕ್ಕನ್ನು ತಂಗಿಯ ಮಗಳಿಗೆ ಬಿಡುತ್ತೇನೆ ಅಂದರು. ಅವಳನ್ನು ಕೇಳಿದ್ದೀರಾ ಅಂದೆ. ಇಲ್ಲ, ಕೇಳುವುದೇನು ಬಂತು ಅಂದರು. ಮರುದಿನ ಅವರದೇ ಫೋನ್: ‘ಸಾರ್, ಅವಳಿಗೆ ಬೆಕ್ಕಿನ ಕೂದಲು ತಾಗಿದರೆ ಸೀನು ನಿಲ್ಲೋದಿಲ್ಲವಂತೆ. ಬೇರೆಯವರನ್ನು ಹುಡುಕ್ತಿದ್ದೀನಿ.’