ಟರ್ನೌಟ್ ಪ್ಯಾನೆಲ್ ಅಂದ್ರೆ ಏನು?

ಒಂದು ಹಳಿ ಎರಡಾಗಿ ಕವಲೊಡೆಯೋ ಜಾಗಕ್ಕೆ ನಮ್ಮ ರೈಲ್ವೆಯವರು ಪಾಯಿಂಟ್ ಅಂತಾರೆ. ಮೇಜಿನ ಮೇಲೆ ಹಳಿ ಹಾಸಿ ಪುಟ್ಟ ರೈಲು ಓಡಿಸೋ ಹವ್ಯಾಸದವರಲ್ಲಿ, ಅಂದ್ರೆ ಮಾಡೆಲ್ ರೈಲಿನವರಲ್ಲಿ, ಅಮೆರಿಕದವರ ಬಾಯಲ್ಲಿ ಅದೇ ಟರ್ನೌಟ್. ಸ್ವಿಚ್ ಅಂತಾನೂ ಅಂತಾರೆ, ಆದ್ರೆ ಕರೆಂಟಿನ ಸ್ವಿಚ್ಚುಗಳೂ ಅದೇ ಮೇಜಿನಲ್ಲಿ ಇರೋದ್ರಿಂದ ಟರ್ನೌಟ್ ಅನ್ನೋದೇ ವಾಸಿ, ಗೊಂದಲ ಇರಲ್ಲ. ಮೇಜು ದೊಡ್ಡದಾದ್ರೆ ಆ ತುದೀಲಿರೋ ಟರ್ನೌಟ್‌ಗೆ ಕೈ ಎಟುಕಲ್ಲ, ಅದಕ್ಕೇ ಹಳಿ ಕೆಳಗೆ ಪುಟ್ಟ ಮೋಟರ್ ಕೂರಿಸಿ, ಅವುಗಳ ಸ್ವಿಚ್ಚನ್ನೆಲ್ಲಾ ನಿಂತ ಜಾಗದಲ್ಲೇ ಸಿಗೋ ಹಾಗೆ ಒಂದು ಹಲಗೆಗೆ ತರ್ತೀವಿ. ಅದೇ ಟರ್ನೌಟ್ ಪ್ಯಾನೆಲ್.

ಹಾಗಂತ ಸ್ವಿಚ್ಚುಗಳನ್ನ ಒಂದು, ಎರಡು, ಮೂರು ಅಂತ ಸಾಲಾಗಿ ಜೋಡಿಸಿಬಿಟ್ರೆ ಕೆಲಸ ನಡೆಯುತ್ತೆ, ಆದ್ರೆ ಅದನ್ನ ನಾನು ಪ್ಯಾನೆಲ್ ಅನ್ನಲ್ಲ. ಪ್ಯಾನೆಲ್ ಅಂದ್ರೆ ಮೊದಲು ನಕ್ಷೆ. ಹಲಗೆ ಮೇಲೆ ಹಳಿಗಳ ಗೆರೆ ಎಳೆದಿರಬೇಕು, ಗೆರೆ ಎಲ್ಲಿ ಕವಲಾಗುತ್ತೋ ಅಲ್ಲೇ ಅದರ ಸ್ವಿಚ್ ಇರಬೇಕು, ಏಳನೇ ನಂಬರ್ ಯಾವುದಪ್ಪಾ ಅಂತ ಹುಡುಕೋ ಹಾಗಿರಬಾರದು. ಸ್ಟೇಷನ್ ಮಾಸ್ಟರ್ ರೂಮಿನ ಪ್ಯಾನೆಲ್ಲೂ ಹೀಗೇನೇ, ಯಾರ್ಡಿನ ನಕ್ಷೆ ಮೇಲೇ ಬಟನ್‌ಗಳು, ದಾರಿ ಸೆಟ್ ಆದ್ರೆ ಬಿಳಿ ಬೆಳಕಿನ ಪಟ್ಟಿ, ಅಲ್ಲಿ ಗಾಡಿ ಬಂದು ನಿಂತ್ರೆ ಕೆಂಪು.

ಇನ್ನು ಯಾವ ಸ್ವಿಚ್ ಹಾಕ್ಬೇಕು ಅನ್ನೋದು ಮೋಟರ್ ಮೇಲೆ ಹೋಗುತ್ತೆ, ಹೆಚ್ಚಿನವರು ಎಡವೋದು ಇಲ್ಲೇ. ಎರಡು ಕಾಯಿಲ್ ಇರೋ ಮೋಟರ್‌ಗೆ ಕರೆಂಟ್ ಬೇಕಾಗಿರೋದು ಒಂದು ಕ್ಷಣ ಮಾತ್ರ, ಟಕ್ ಅಂತ ಎಳೆದು ಮುಗೀತು. ಹಾಗಾಗಿ ಕಾಲಿಂಗ್ ಬೆಲ್ ಥರ ಒತ್ತಿ ಬಿಡೋ ಬಟನ್ನೇ ಬೇಕು. ನಾನು ಮೊದಲ ಸಲ ಮನೆ ಲೈಟಿನ ಹಾಗೆ ಆನ್ ಆಗಿ ಅಲ್ಲೇ ನಿಲ್ಲೋ ಸ್ವಿಚ್ ಹಾಕಿದ್ದೆ, ಸ್ವಲ್ಪ ಹೊತ್ತಿಗೇ ಸುಟ್ಟ ವಾಸನೆ, ಮೇಜಿನ ಕೆಳಗೆ ಬಗ್ಗಿ ನೋಡಿದ್ರೆ ಕಾಯಿಲ್ ಕಪ್ಪಾಗಿ ಹೋಗಿತ್ತು, ತುಂಬಾ ಬೇಜಾರಾಯ್ತು.

ಟಾರ್ಟಾಯ್ಸ್ ಅನ್ನೋ ಬ್ರ್ಯಾಂಡಿನ ಥರದ ನಿಧಾನದ ಮೋಟರ್ ಇದಕ್ಕೆ ಪೂರ್ತಿ ಉಲ್ಟಾ. ಅದು ಮೆಲ್ಲಗೆ ತಿರುಗಿ ಕೊನೆ ಮುಟ್ಟಿದ ಮೇಲೂ ಕರೆಂಟ್ ತಗೊಂಡೇ ಹಳಿಯನ್ನ ಒತ್ತಿ ಹಿಡಿದಿರುತ್ತೆ, 12 ವೋಲ್ಟ್‌ನಲ್ಲಿ ಸುಮಾರು 16 ಮಿಲಿಆಂಪ್ ಅಷ್ಟೇ, ಸುಡಲ್ಲ. ದಿಕ್ಕು ಬದಲಾಗ್ಬೇಕಾದ್ರೆ ಪ್ಲಸ್ ಮೈನಸ್ ಅದಲುಬದಲು ಆಗ್ಬೇಕು. ಅದಕ್ಕೆ ಆರು ಕಾಲಿನ ಡಿಪಿಡಿಟಿ ಟಾಗಲ್ ಸ್ವಿಚ್, ಅಂದ್ರೆ ಒಂದೇ ಕಡ್ಡಿಯಿಂದ ಎರಡು ವೈರನ್ನೂ ಒಟ್ಟಿಗೆ ಆ ಕಡೆ ಈ ಕಡೆ ಬದಲಿಸೋ ಸ್ವಿಚ್: ನಡುವಿನ ಎರಡು ಕಾಲಿಂದ ಮೋಟರ್‌ಗೆ ವೈರು, ಒಂದು ತುದಿಯ ಎರಡಕ್ಕೆ ಸಪ್ಲೈ, ಅಲ್ಲಿಂದ ಇನ್ನೊಂದು ತುದಿಗೆ ಕತ್ತರಿ ಥರ ಒಂದನ್ನೊಂದು ದಾಟೋ ಎರಡು ತುಂಡು ವೈರು. ಈ ಕತ್ತರಿಯನ್ನ ಪ್ಯಾನೆಲ್‌ಗೆ ಕೂರಿಸೋ ಮುಂಚೆ ಮೇಜಿನ ಮೇಲೇ ಬೆಸುಗೆ ಹಾಕ್ಕೊಳ್ಳಿ, ಹಲಗೆ ಹಿಂದೆ ತಲೆ ತೂರಿಸಿ ಮಾಡೋ ಕೆಲಸ ಅಲ್ಲ ಅದು.

ಆ ಕರೆಂಟ್ ಎಷ್ಟು ಕಮ್ಮಿ ಅಂದ್ರೆ ಕೆಂಪು-ಹಸಿರು ಎರಡೂ ಇರೋ ಎರಡು ಕಾಲಿನ ಎಲ್‌ಇಡಿಯನ್ನ ಮೋಟರ್ ವೈರಿನ ಮಧ್ಯಕ್ಕೇ ಸೇರಿಸಬಹುದು, ಕರೆಂಟ್ ಕಮ್ಮಿ ಮಾಡೋಕೆ ಬೇರೆ ರೆಸಿಸ್ಟರ್ ಬೇಡ. ಟಾಗಲ್ ತಿರುಗಿಸಿದ್ರೆ ಬಣ್ಣ ಬದಲಾಗುತ್ತೆ, ನೋಡೋಕೇ ಖುಷಿ! ಆದ್ರೆ ಒಂದು ವಿಷಯ ಮರೀಬೇಡಿ, ಆ ದೀಪ ಹೇಳೋದು ನೀವು ಕೊಟ್ಟ ಆರ್ಡರ್ ಏನು ಅಂತ, ಹಳಿ ನಿಜವಾಗ್ಲೂ ಸರಿದು ಕೂತಿದೆ ಅಂತಲ್ಲ. ಮಧ್ಯೆ ಒಂದು ಜಲ್ಲಿಕಲ್ಲಿನ ಚೂರು ಸಿಕ್ಕಿಕೊಂಡಿದ್ರೂ ಹಸಿರು ಹಸಿರಾಗೇ ಇರುತ್ತೆ. ನಿಜವಾದ ರೈಲ್ವೇಲಿ ಪಾಯಿಂಟ್ ಸರಿಯಾಗಿ ಕೂತಿದೆ ಅಂತ ಖಾತ್ರಿಯಾಗೋವರೆಗೂ ಗಾಡಿ ಮುಂದೆ ಹೋಗೋಕೆ ಸಿಗ್ನಲ್ಲೇ ಸಿಗಲ್ಲ. ನಮಗೂ ಅಂಥ ಖಾತ್ರಿ ಬೇಕಂದ್ರೆ ಹಳಿ ಜೊತೆ ಅಲುಗೋ ಒಂದು ಮೈಕ್ರೋಸ್ವಿಚ್ (ತಾಗಿದ್ರೆ ಒತ್ತಿಕೊಳ್ಳೋ ಪುಟ್ಟ ಸ್ವಿಚ್) ಇಟ್ಟು ದೀಪದ ವೈರನ್ನ ಅಲ್ಲಿಂದ ತರಬೇಕು.

ನಕ್ಷೆ ಬರೆಯೋವಾಗ ಪ್ಯಾನೆಲ್ ಮುಂದೆ ನೀವು ನಿಂತಾಗ ಹಳಿ ಹೇಗೆ ಕಾಣುತ್ತೋ ಹಾಗೇ ಬರೀರಿ, ಮೇಜಿನ ಆ ಕಡೆಯಿಂದ ನೋಡಿ ಬರೆದ್ರೆ ಎಡ ಬಲ ಎಲ್ಲಾ ತಿರುಗುಮುರುಗು.